ಎಂಜಿನ್ ಬದಲಾವಣೆಗೆ ಕಾರಣ

ಕಾತ್ಯಾಯಿನಿ ಆಂಟಿ ತಮ್ಮ ಉಗುರಿಗೆ ಒಂದು ದಿನವೂ ಬಣ್ಣ ಹಚ್ಚಿಕೊಂಡವರಲ್ಲ. ಆದರೂ ಅವರ ಮನೆಯ ಸ್ಪ್ಯಾನರು ಪೆಟ್ಟಿಗೆಯಲ್ಲಿ ಕೆಂಪು ನೇಲ್ ಪಾಲಿಶಿನ ಸೀಸೆಯೊಂದು ಸದಾ ಇರುತ್ತಿತ್ತು. ಮೋಟಾರ್‌ಸೈಕಲ್ಲನ್ನು ಗ್ಯಾರೇಜಿಗೆ ಬಿಡುವ ಹಿಂದಿನ ಸಂಜೆ ಅವರು ಗೇಟಿನೊಳಗೆ ಮಣೆ ಹಾಕಿಕೊಂಡು ಕೂತು, ಕಾರ್ಬೊರೇಟರು, ಪ್ಲಗ್ಗು, ಕನ್ನಡಿ, ಎಂಜಿನ್ನಿನ ಹೊಟ್ಟೆ, ಜೋಡಿ ಸೈಲೆನ್ಸರು, ಹೀಗೆ ಒಂದೊಂದಕ್ಕೂ ಸುಲಭವಾಗಿ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ಗಾಡಿ ವಾಪಸು ಬಂದಾಗ ಟಾರ್ಚು ಹಿಡಿದು ಆ ಚುಕ್ಕೆಗಳನ್ನು ಹುಡುಕುತ್ತಿದ್ದರು. ಎಲ್ಲವೂ ಸಿಕ್ಕಿದಾಗ ಅವರ ಮುಖದಲ್ಲಿ ಸಮಾಧಾನಕ್ಕಿಂತ ಹೆಚ್ಚಾಗಿ ಸಣ್ಣದೊಂದು ನಿರಾಸೆ ಕಾಣುತ್ತಿತ್ತು. "ಈ ಸಲ ಏನೂ ಬದಲಾಯಿಸ್ದೆ ಬಿಟ್ಟಿದಾನೆ," ಎನ್ನುತ್ತಿದ್ದರು.

ಗಿರಿನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಪೆಟ್ರೋಲ್ ಬಂಕಿನ ಅಳತೆ ಇವುಗಳನ್ನು ಪರೀಕ್ಷಿಸುವ ಸರಕಾರಿ ಕೆಲಸದಿಂದ ನಿವೃತ್ತರಾದವರು ಅವರು. ನಿವೃತ್ತಿಯಿಂದ ಸಂಬಳ ನಿಂತಿತೇ ಹೊರತು ತಪಾಸಣೆ ನಿಲ್ಲಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಅಂಗೈಯಲ್ಲಿ ತೂಗಿ ನೋಡದೆ ಒಳಗೊಯ್ಯುತ್ತಿರಲಿಲ್ಲ. ಅವರ ಗಾಡಿ ಬಂಕಿನೊಳಗೆ ತಿರುಗುತ್ತಿದ್ದಂತೆ ಕೆಲಸದವರು, ಯಾರೂ ಕೇಳದಿದ್ದರೂ, ಐದು ಲೀಟರಿನ ಅಳತೆಪಾತ್ರೆಯನ್ನು ತಂದು ಮುಂದಿಡುತ್ತಿದ್ದರು.

ನಾನು ಆಗಷ್ಟೇ ಎಂ.ಎ. ಮುಗಿಸಿ, ಅಧಿಕಾರದ ಸ್ವರೂಪವನ್ನು ಕುರಿತು ಓದಿದ್ದನ್ನೆಲ್ಲ ಪತ್ರಿಕೆಗಳ ಮೇಲೆ ಸುರಿಯುತ್ತಿದ್ದ ಕಾಲ. ಬರೆದ ಲೇಖನವನ್ನು ಮೊದಲು ಅವರಿಗೇ ತೋರಿಸುತ್ತಿದ್ದೆ. "ವ್ಯವಸ್ಥೆ ಕೊಳೆತಿದೆ" ಎಂಬ ಸಾಲಿನ ಮೇಲೆ ಬೆರಳಿಟ್ಟು ಒಮ್ಮೆ ಕೇಳಿದರು: "ಯಾವ ಟೇಬಲ್ಲು?"

"ಟೇಬಲ್ಲಾ?"

"ವ್ಯವಸ್ಥೆ ಅಂತ ಬರೆದ್ರೆ ಯಾರೂ ಕೈಗೆ ಸಿಗಲ್ಲ ಕಣೆ. ಎಲ್ಲರೂ ತಲೆ ಆಡ್ಸ್ತಾರೆ, ಕೊಳೆಸ್ದೋನೂ ಆಡ್ಸ್ತಾನೆ. ಟೇಬಲ್ ಹೇಳು. ಅದರ ಹಿಂದೆ ಕೂತಿರೋನು ಯಾರು ಹೇಳು."

ಅವರ ಗಾಡಿ ಒಂದು ಕಾಲದಲ್ಲಿ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಬಗೆಯದು. ಕಿಕ್ ಹೊಡೆಯುವ ಸರಳನ್ನೇ ಮುಂದಕ್ಕೆ ಮಡಿಸಿದರೆ ಅದೇ ಗೇರಾಗುತ್ತಿತ್ತು. ಈ ಗುಟ್ಟು ತಿಳಿಯದವನು ಅದನ್ನು ಕದ್ದೊಯ್ಯುವುದಿರಲಿ, ಎಬ್ಬಿಸುವುದೂ ಸಾಧ್ಯವಿರಲಿಲ್ಲ. ಕೊಂಡದ್ದು ಅವರ ಪತಿ ನರಹರಿಯವರು. ಅವರಿಗೆ ಆಫೀಸಿನ ಜೀಪು ಬಂದ ಮೇಲೆ ಗಾಡಿ ಆಂಟಿಯ ಪಾಲಿಗೆ ಬಂತು. ಕೆಂಪು ಚುಕ್ಕೆಗಳು ಶುರುವಾದದ್ದು ಆಗಿನ ಮೊದಲ ಸರ್ವಿಸಿನಿಂದ. ಗಾಡಿಯ ಕಾಗದಪತ್ರಗಳನ್ನು ಮಾತ್ರ ನರಹರಿಯವರು ಕೊನೆಯವರೆಗೂ ತಾವೇ ನೋಡಿಕೊಂಡರು. ಅವರು ತೀರಿಕೊಂಡ ನಂತರ ಅದು ಆಂಟಿಯ ಹೆಸರಿಗೆ ವರ್ಗವಾಯಿತು.

ಮೊಣಕಾಲು ಕಿಕ್ಕಿಗೆ ಒಗ್ಗದಾದಾಗ, ಗುಂಡಿ ಒತ್ತಿದರೆ ಹೊರಡುವ ಹೊಸ ಮೋಟಾರ್‌ಸೈಕಲ್ಲೊಂದನ್ನು ಕೊಳ್ಳಲು ಅವರು ಜಯನಗರದ ಶೋರೂಮಿಗೆ ಹೊರಟರು. ಸಾಕ್ಷಿಗೆಂದು ನನ್ನನ್ನೂ ಕರೆದೊಯ್ದರು.

"ಮಗನಿಗಾ ಮೇಡಂ?" ಎಂದ ಅಲ್ಲಿನ ಯುವಕ.

"ನಂಗೆ."

ಅವನು ಚೇತರಿಸಿಕೊಂಡು, "ಹಳೇದು ಎಕ್ಸ್‌ಚೇಂಜ್ ಮಾಡ್ಬಿಡಿ, ಸಖತ್ ಆಫರ್ ಇದೆ," ಎಂದ.

"ತಗೊಂಡು ಏನ್ ಮಾಡ್ತೀರಿ ಅದನ್ನ?"

"ಜೆ.ಪಿ. ನಗರದಲ್ಲಿ ಒಂದು ಕೆಫೆಯವ್ರು ಇಂಥದ್ದೇ ಹುಡುಕ್ತಿದಾರೆ. ಗೋಡೆ ಮೇಲೆ ನೇತ್ಹಾಕೋಕೆ. ಓಡ್ಲೇಬೇಕು ಅಂತೇನೂ ಇಲ್ವಂತೆ."

"ನೀನು ರಿಟೈರ್ ಆದ್ಮೇಲೆ ಅವರನ್ನ ವಿಚಾರಿಸಪ್ಪ. ನಿಂಗೂ ಒಂದು ಮೊಳೆ ಹೊಡೀತಾರೆ."

ಬಳಿಕ ಅವರು ಹೊಸ ಗಾಡಿಯ ಮೀಟರಿನ ಮೇಲೆ ಬಗ್ಗಿದರು. "ಹನ್ನೊಂದು ಕಿಲೋಮೀಟರ್ ಓಡಿದೆ. ಹೊಸ ಗಾಡಿ, ಎಲ್ಲಿಗೆ ಹೋಗಿತ್ತು?"

"ಟೆಸ್ಟಿಂಗ್ ಮೇಡಂ."

"ಟೆಸ್ಟ್ ಮಾಡ್ದೋರನ್ನ ಕರಿ."

ಹಿಂದಿನ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತ ಬಂದ ನೌಕರ ಯುವಕನ ಸನ್ನೆಯನ್ನು ಗಮನಿಸದೆ ನಿಜ ಹೇಳಿಬಿಟ್ಟ: "ಲಾರಿ ಬರ್ಲಿಲ್ಲ ಆಂಟಿ, ಗೋಡೌನಿಂದ ಓಡಿಸ್ಕೊಂಡೇ ಬಂದ್ವಿ." ಆಂಟಿ ಅವನೊಬ್ಬನಿಗೇ ಧನ್ಯವಾದ ಹೇಳಿ, ಲಾರಿಯಲ್ಲಿ ಇಳಿದ ಮತ್ತೊಂದು ಗಾಡಿಯನ್ನು ಕಾದು ಕೊಂಡರು.

ಹೊಸದು ಬಂದ ಮೇಲೂ ಹಳೆಯದರ ನೋಂದಣಿಗೆ ಯಾಕೆ ಒದ್ದಾಡಬೇಕೆಂದು ಬೀದಿಯವರೆಲ್ಲ ಕೇಳಿದರು. ನಾನೂ ಕೇಳಿದೆ. "ರಸ್ತೆಗೆ ಬರೋ ಹಕ್ಕಿಲ್ಲದ ಗಾಡಿ ಫರ್ನಿಚರ್ ಕಣೆ," ಎಂದರು. "ನಂಗೆ ಸೋಫಾ ಇದೆ."

ವಯಸ್ಸಾದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಮುನ್ನ ಅಧಿಕಾರಿ ಗಾಡಿಯನ್ನು ಕಣ್ಣಾರೆ ನೋಡಬೇಕು. ಇದು ನಿಯಮ. ನಡೆಯುವುದೇನು ಎಂಬುದನ್ನು ಸಾರಿಗೆ ಕಚೇರಿಯ ಏಜೆಂಟ್ ಮುನಿರಾಜು ಆಂಟಿಯ ಗೇಟಿನ ಬಳಿ ನಿಂತು ವಿವರಿಸಿದ.

"ಗಾಡಿ ಯಾಕ್ ತರ್ತೀರಾ ಮೇಡಂ? ಛಾಸಿ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಕೊಂಡ್ ಹೋಗ್ತೀನಿ. ಅಚ್ಚು ಬಂದ್ರೆ ಮುಗೀತು. ಸಾರ್ ಇದ್ದಾಗ್ಲೂ ಹಂಗೇ ಮಾಡಿರೋದು, ಒಂದು ಸಲಾನೂ ಗಾಡಿ ಅಲ್ಲಿಗ್ ಬಂದಿಲ್ಲ."

ಪೆನ್ಸಿಲ್ಲಿನ ಮಸಿಯನ್ನು ಪರೀಕ್ಷಿಸಿ ಗಾಡಿ ಸುಸ್ಥಿತಿಯಲ್ಲಿದೆ ಎಂದು ಸಹಿ ಹಾಕುವ ಕೈಗಳಿಗೆ ಸಂಬಳ ಕೊಡುವವರು ನಾವು. ಹಾಗೆ ಪಾಸಾದ ಲಾರಿಯೊಂದು ಬ್ರೇಕು ಹಿಡಿಯದೆ ಯಾರ ಮೇಲೋ ಹರಿದಾಗ, ಆ ಸಹಿಯನ್ನು ಹುಡುಕಿಕೊಂಡು ಯಾರಾದರೂ ಹೋಗುತ್ತಾರೆಯೇ? ಹೋಗುವುದಿಲ್ಲ ಎಂಬ ಭರವಸೆಯ ಮೇಲೆಯೇ ಆ ಸಹಿ ಬೀಳುತ್ತದೆ ಎಂದು ನನ್ನ ಅನುಮಾನ.

ಆಂಟಿ ಮೊಣಕಾಲಿನ ನೋವನ್ನು ಲೆಕ್ಕಿಸದೆ ತಾವೇ ಕಿಕ್ ಹೊಡೆದು, ನನ್ನನ್ನು ಹಿಂದೆ ಕೂರಿಸಿಕೊಂಡು ಹಳೆಯ ಗಾಡಿಯಲ್ಲಿಯೇ ಸಾರಿಗೆ ಕಚೇರಿಗೆ ಹೋದರು. ಇನ್ಸ್‌ಪೆಕ್ಟರು ಕೂತಲ್ಲಿಂದಲೇ ಕೈ ಚಾಚಿದರು. "ಪೇಪರ್ ಕೊಡಿ ಮೇಡಂ, ಸೈನ್ ಹಾಕ್ತೀನಿ."

"ಗಾಡಿ ಹೊರಗಿದೆ."

"ಇರ್ಲಿ."

"ನೋಡ್ಬೇಕಲ್ವಾ ನೀವು? ಎದ್ದು ಬನ್ನಿ."

ಅವರು ಎದ್ದು ಬಂದರು. ಛಾಸಿ ನೋಡಿದರು, ದೀಪ ನೋಡಿದರು. ಎಂಜಿನ್ನಿನ ಕೆಳಗೆ ಬಗ್ಗಿ ಅಲ್ಲಿ ಕೆತ್ತಿದ್ದ ಅಂಕಿಗಳನ್ನು ಓದಿದರು, ಕೈಯಲ್ಲಿದ್ದ ನೋಂದಣಿ ಪುಸ್ತಕವನ್ನು ನೋಡಿದರು, ಮತ್ತೊಮ್ಮೆ ಬಗ್ಗಿದರು. "ಮೇಡಂ, ಎಂಜಿನ್ ನಂಬರ್ ಬೇರೆ ಇದೆಯಲ್ಲ. ಇದು ಈ ಗಾಡೀದಲ್ಲ."

ಆಂಟಿ ತಾವೂ ಬಗ್ಗಿ ಆ ಅಂಕಿಗಳನ್ನು ಓದಿದರು. ಇನ್ಸ್‌ಪೆಕ್ಟರಿಗೆ ಕನಿಕರ ಹುಟ್ಟಿರಬೇಕು. ದನಿ ತಗ್ಗಿಸಿ, "ಹೋಗ್ಲಿ ಬಿಡಿ, ಹಿರಿಯರು. ನಾನು ನೋಡ್ಲಿಲ್ಲ ಅಂದ್ಕೊಳ್ಳಿ," ಎಂದರು.

"ನೋಡಿದ್ದೀರಲ್ಲ," ಎಂದರು ಆಂಟಿ. "ಬರೀರಿ."

ಅವರು ಬರೆದರು. ನವೀಕರಣ ನಿಂತಿತು.

ಮನೆಗೆ ಬಂದೊಡನೆ ಆಂಟಿ ಸೀರೆ ಸಿಕ್ಕಿಸಿ ಟಾರ್ಚು ಹಿಡಿದು ಗಾಡಿಯ ಪಕ್ಕ ಕೂತರು. ಯಾವ ಗ್ಯಾರೇಜಿನವನನ್ನು ಮೊದಲು ಹಿಡಿಯಬೇಕೆಂದು ನಾನು ಯೋಚಿಸುತ್ತಿದ್ದೆ. ಬಹಳ ಹೊತ್ತಿನ ಮೇಲೆ ಅವರು ಟಾರ್ಚು ಆರಿಸಿದರು. "ಎಂಜಿನ್ ಮೇಲೆ ಚುಕ್ಕೆ ಇದೆ. ಮೊದಲನೇ ಸರ್ವೀಸಿಗೆ ಇಟ್ಟಿದ್ದು, ಅದೇ ಜಾಗ."

"ಅಂದ್ರೆ?"

"ಅಂದ್ರೆ ಗಾಡಿ ನನ್ನ ಕೈಗ್ ಬಂದ್ಮೇಲೆ ಆಗಿದ್ದಲ್ಲ ಇದು. ಅದಕ್ಕೆ ಮುಂಚೇನೇ ಆಗಿದೆ."

ಅದಕ್ಕೆ ಮುಂಚೆ ಗಾಡಿ ನರಹರಿಯವರ ಕೈಯಲ್ಲಿತ್ತು. ಯಾರಾದರೂ ಎಂಜಿನ್ ಬದಲಿಸಿ ಅವರನ್ನು ವಂಚಿಸಿದ್ದರೇ, ಅಥವಾ ತಿಳಿದೂ ತಿಳಿದೂ ಹೆಂಡತಿಗೆ ಹೇಳದೆ ಉಳಿದರೇ? ಮುನಿರಾಜು ಗೇಟಿನಲ್ಲಿ ಆಡಿದ ಮಾತು ನಮ್ಮಿಬ್ಬರ ಕಿವಿಯಲ್ಲೂ ಇತ್ತು: ಸಾರ್ ಇದ್ದಾಗ ಗಾಡಿ ಒಂದು ಸಲವೂ ಕಚೇರಿಯ ಮುಖ ನೋಡಿರಲಿಲ್ಲ.

ಬೇರೆ ಎಂಜಿನ್ನನ್ನು ಪುಸ್ತಕಕ್ಕೆ ಏರಿಸಬೇಕಾದರೆ ಅದು ಕದ್ದ ಮಾಲಲ್ಲ ಎಂದು ಪೊಲೀಸರು ಬರೆದುಕೊಡಬೇಕು. ಠಾಣೆಯಲ್ಲಿ ನನ್ನ ವಯಸ್ಸಿನ ಸಬ್ ಇನ್ಸ್‌ಪೆಕ್ಟರೊಬ್ಬಳು ಆಂಟಿಯನ್ನು ಎದುರಿಗೆ ಕೂರಿಸಿಕೊಂಡಳು.

"ಈ ಎಂಜಿನ್ ಎಲ್ಲಿಂದ ಬಂತಮ್ಮ?"

"ಗೊತ್ತಿಲ್ಲ."

"ಇಷ್ಟು ವರ್ಷ ನಿಮ್ಮನೇಲೇ ಇರೋ ಗಾಡಿ. ಗೊತ್ತಿಲ್ಲ ಅಂದ್ರೆ ನಾನು ಹೆಂಗೆ ನಂಬೋದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಆಂಟಿ ನನ್ನ ಕೈ ಒತ್ತಿದರು. ಪ್ರಶ್ನೆಗಳು ಮುಗಿಯುವವರೆಗೂ, ವೈವಾ ಚೆನ್ನಾಗಿ ನಡೆಯುತ್ತಿರುವ ವಿದ್ಯಾರ್ಥಿನಿಯಂತೆ ನೆಟ್ಟಗೆ ಕೂತು ಉತ್ತರಿಸಿದರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ, "ಒಳ್ಳೆ ಹುಡುಗಿ," ಎಂದರು. "ನನ್ನ ಕೂದಲು ನೋಡಿ ಬಿಟ್ಬಿಡ್ಲಿಲ್ಲ."

ಆ ನಂಬರಿನ ಎಂಜಿನ್ ಕಳುವಾದ ದೂರು ಎಲ್ಲಿಯೂ ಇಲ್ಲವೆಂಬ ಪತ್ರ ಕೆಲವು ವಾರಗಳಲ್ಲಿ ಕೈಸೇರಿತು. ಉಳಿದದ್ದು ಒಂದೇ. ಅರ್ಜಿಯಲ್ಲಿ "ಎಂಜಿನ್ ಬದಲಾವಣೆಗೆ ಕಾರಣ" ಎಂಬ ಜಾಗವನ್ನು ತುಂಬಿ, ಅದಕ್ಕೆ ಪ್ರಮಾಣ ಮಾಡಬೇಕಿತ್ತು.

ಮುನಿರಾಜು ಸ್ವಂತ ತಾಯಿಗೆ ಹೇಳುವಂತೆ ಹೇಳಿದ. "ಯಜಮಾನ್ರು ಬದಲಾಯಿಸಿದ್ರು, ರಸೀದಿ ಕಳೆದೋಯ್ತು ಅಂತ ಬರೀರಿ ಮೇಡಂ. ಅವರಿಲ್ಲ. ಯಾರ್ ಕೇಳ್ತಾರೆ?"

"ಅವರಿಲ್ಲ. ಅದಕ್ಕೇ ಬರಿಯಲ್ಲ," ಎಂದು ಆಂಟಿ ಆ ಜಾಗದಲ್ಲಿ ದುಂಡಗಿನ ಅಕ್ಷರಗಳಲ್ಲಿ "ಗೊತ್ತಿಲ್ಲ" ಎಂದು ಬರೆದರು. ಅರ್ಜಿ ವಾಪಸು ಬಂತು. ಮತ್ತೆ ಹಾಗೆಯೇ ಬರೆದು ಕಳಿಸಿದರು, ಮತ್ತೆ ವಾಪಸು ಬಂತು. ಕಾರಣ ಸಮರ್ಪಕವಾಗಿಲ್ಲ ಎಂಬ ಷರಾದ ಕೆಳಗೆ ಓದಲಾಗದ ಒಂದು ಸಹಿ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಒಂದು ಭಾನುವಾರದ ಸಂಜೆ. ಹೊಸ ಗಾಡಿ ಗೇಟಿನ ಹೊರಗಿತ್ತು. ಅವಧಿ ಮುಗಿದ ಹಳೆಯದನ್ನು ಅವರು ಬೀದಿಯ ತಿರುವಿನವರೆಗೂ ಓಡಿಸುತ್ತಿರಲಿಲ್ಲ. ಅದರ ಮೇಲಿನ ಹೊದಿಕೆ ತೆಗೆದು ಧೂಳು ಒರೆಸುತ್ತಿದ್ದರು.

"ಅವರೇ ಮಾಡ್ಸಿರ್ಬಹುದು," ಎಂದರು, ನಾನು ಏನೂ ಕೇಳದಿದ್ದರೂ. "ನಂಗೆ ಅನುಮಾನ ಇದೆ. ಇಲ್ಲ ಅಂತ ಯಾಕ್ ಹೇಳ್ಲಿ? ಕಷ್ಟದಲ್ಲಿ ಒಳ್ಳೇ ಎಂಜಿನ್ ಮಾರಿ ಇದನ್ನ ಹಾಕ್ಸಿದ್ರೋ ಏನೋ. ರಾತ್ರಿ ಒಂದೊಂದ್ಸಲ ಅವರ ಫೋಟೋ ಹತ್ರ ಜಗಳಾನೂ ಆಡ್ತೀನಿ."

"ಮತ್ತೆ ಬರೀಬಹುದಲ್ವಾ ಆಂಟಿ? ಅನುಮಾನ ಅಂತೂ ಇದೆ."

"ಅನುಮಾನ ನನ್ನ ಹತ್ರ ಇದ್ರೆ ಅನುಮಾನ. ಸರಕಾರದ ಕಾಗದದಲ್ಲಿ ಹೋಗಿ ಕೂತ್ರೆ ಅಪರಾಧ. ಎಷ್ಟು ಅಂಗಡಿಯವ್ರ ಮೇಲೆ ಅನುಮಾನ ಪಟ್ಟಿದೀನಿ, ತಕ್ಕಡಿ ತೂಗ್ದೆ ಒಬ್ಬನ್ ಮೇಲೂ ಕೇಸ್ ಹಾಕ್ಲಿಲ್ಲ. ಅಂಗಡಿಯೋನು ಎದುರಿಗೇ ನಿಂತು ಜಗಳ ಆಡ್ತಿದ್ದ. ಇವರು ಆಡಲ್ಲವಲ್ಲ."

"ಹಂಗಾದ್ರೆ ಗಾಡಿ?"

"ನಿಜ ಹೇಳಿದ್ರೂ ಓಡ್ಬೇಕು ಅದು. ಓಡಲ್ಲ ಅಂದ್ರೆ ಯಾಕೆ ಓಡಲ್ಲ ಅಂತ ಆಫೀಸ್ನೋರು ಹೇಳ್ಲಿ." ಒರೆಸುವ ಬಟ್ಟೆ ಕೊಡವಿ ಒಳಗೆ ಹೋದರು. ಆ ವಾರವೇ ಆಸ್ಪತ್ರೆ ಸೇರಿದವರು ಮರಳಿ ಬರಲಿಲ್ಲ.

ಬಿ.ಟಿ.ಎಂ. ಲೇಔಟಿನಲ್ಲಿರುವ ಅವರ ಮಗಳು ಸ್ಮಿತಾ ಕೆಲವು ತಿಂಗಳ ಬಳಿಕ ಹಳೆಯ ಗಾಡಿಯನ್ನು ಓಡಿಸಿಕೊಂಡೇ ನಮ್ಮ ಮನೆಗೆ ಬಂದರು. ನೋಂದಣಿಯ ಹೊಸ ಕಾರ್ಡು ತೋರಿಸಿದರು. "ಪಾಸಾಯ್ತು ಕಣೆ. ಅಮ್ಮ ಇದ್ದಿದ್ರೆ ಎಷ್ಟ್ ಖುಷಿ ಪಡ್ತಿದ್ರು."

ಕಾರಣ ಏನೆಂದು ಬರೆದಿರಿ ಎಂದು ನಾನು ಕೇಳಿದೆ. ಅವರ ಮುಖ ಬಾಡಿತು. ಹಿಂದಿನ ಮಾಲೀಕರಾದ ತಾಯಿಯೇ ಎಂಜಿನ್ ಬದಲಾಯಿಸಿದ್ದರು, ರಸೀದಿ ಕಳೆದಿದೆ ಎಂದು ಮುನಿರಾಜು ಬರೆಸಿದ್ದ. ಅದಕ್ಕೆ ಪ್ರಮಾಣ ಮಾಡಿ ಸ್ಮಿತಾ ಸಹಿ ಹಾಕಿದ್ದರು. ಗಾಡಿಯನ್ನು ಯಾರೂ ಹೊರಬಂದು ನೋಡಿರಲಿಲ್ಲ.

ಆ ಭಾನುವಾರ ಆಂಟಿ ಹೇಳಿದ್ದನ್ನು ಅವರಿಗೆ ಹೇಳಿದೆ. ಸ್ಮಿತಾ ಕಾರ್ಡನ್ನು ಚೀಲದೊಳಗೆ ಹಾಕಿಕೊಂಡರು. "ಮತ್ತೇನ್ ಮಾಡ್ಬೇಕಿತ್ತು ನಾನು? ಗುಜರಿಗೆ ಹಾಕ್ಬೇಕಿತ್ತಾ? ಅಮ್ಮಂದು ಅಂತ ನನ್ನ ಹತ್ರ ಇರೋದು ಇದೊಂದೇ."

ಅವರನ್ನು ದೂರುವ ಮನಸ್ಸು ನನಗಿಲ್ಲ. ನಾನು ಕೇಳುತ್ತಿರುವುದು, ನಿಜ ಬರೆದ ಅರ್ಜಿಯನ್ನು ಎರಡು ಸಲ ಹಿಂದಿರುಗಿಸಿ ಸುಳ್ಳು ಬರೆದ ಅರ್ಜಿಗೆ ಒಂದೇ ಸಲಕ್ಕೆ ಮುದ್ರೆ ಒತ್ತಿದ ಟೇಬಲ್ಲು ಯಾವುದು ಎಂದು. ಜೀವಮಾನವಿಡೀ ಒಂದು ಗ್ರಾಂ ತಪ್ಪನ್ನು ಬಿಡದ ಹೆಂಗಸು ಇಂದು ಸರಕಾರದ ದಾಖಲೆಯಲ್ಲಿ, ಎಂಜಿನ್ ಬದಲಿಸಿ ಇಲಾಖೆಗೆ ತಿಳಿಸದೆ ಮುಚ್ಚಿಟ್ಟವಳಾಗಿ ಉಳಿದಿದ್ದಾಳೆ. ಆ ಸಾಲನ್ನು ತೆಗೆಯಬೇಕೆಂದು ಅರ್ಜಿ ಬರೆದೆ. ಕೊಡುವ ಮೊದಲು ಸ್ಮಿತಾಗೆ ತೋರಿಸಿದೆ. ಅವರು ಓದಿ, "ನಿನ್ನಿಷ್ಟ," ಎಂದು ಬಾಗಿಲು ಹಾಕಿಕೊಂಡರು.

ಕಚೇರಿಯ ಕಿಟಕಿಯ ಹಿಂದಿದ್ದ ಗುಮಾಸ್ತರು ಮೇಲಿನ ಎರಡು ಸಾಲು ನೋಡಿ ತಲೆ ಎತ್ತಿದರು.

"ಗಾಡಿ ನಿಮ್ದಾ?"

"ಅಲ್ಲ."

"ತೀರ್ಕೊಂಡೋರು ನಿಮಗೇನಾಗ್ಬೇಕು?"

"ಪಕ್ಕದ ಮನೆಯವರು."

"ಸತ್ತೋರ ಮೇಲೆ ಒಂದು ಮಾತು ಬರೆದ್ರೆ ಅವರಿಗೇನಮ್ಮ ನಷ್ಟ? ಗಾಡಿ ಓಡ್ತಿದೆ, ಬಿಡಿ." ನನ್ನ ಹಿಂದಿನ ಸಾಲಿನಲ್ಲಿ ಯಾರೋ, "ಮೇಡಂ, ಸೈಡಿಗ್ ಬನ್ನಿ," ಎಂದರು. ನಾನು ಕದಲದ್ದನ್ನು ಕಂಡು ಗುಮಾಸ್ತರು ಮುಂದಕ್ಕೆ ಬಾಗಿದರು. "ಈ ಕಾರಣ ಅಳಿಸಿದ್ರೆ ಪಾಸಾಗಿರೋದು ಕ್ಯಾನ್ಸಲ್ ಆಗತ್ತೆ. ಗಾಡಿ ಮತ್ತೆ ಮೂಲೆ ಸೇರತ್ತೆ. ಅವರ ಮಗಳಿಗೆ ಗೊತ್ತಾ ಇದು?"

"ಗೊತ್ತು. ಇದನ್ನ ತೋರ್ಸಿದ ದಿನದಿಂದ ನನ್ನ ಹತ್ರ ಮಾತಾಡ್ತಿಲ್ಲ."

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಅರ್ಜಿಯನ್ನು ಮೊದಲ ಸಾಲಿನಿಂದ ಓದತೊಡಗಿದರು.