ಹಗೇವಿನ ಮೇಲಿನ ಕೋಣೆ

ಮಸ್ಕಿಯಲ್ಲಿ ಮನೆ ನೋಡಲು ಹೋದ ದಿನ, ನಾವು ಮಲಗಬೇಕಿದ್ದ ಕೋಣೆಯ ನೆಲದಿಂದ ಮನೆಯೊಡತಿ ಶರಣಮ್ಮ ಒಂದು ಕಲ್ಲನ್ನು ಸರಿಸಿದರು. ಅಡಿಯಲ್ಲಿ ಕಪ್ಪು ಬಾಯಿ. ಹಗ್ಗಕ್ಕೆ ಕಟ್ಟಿದ ಬುಡ್ಡಿದೀಪವನ್ನು ಅದರೊಳಗೆ ಇಳಿಬಿಟ್ಟರು. ಎರಡು ಆಳುದ್ದ ಹೋದ ಮೇಲೆ ದೀಪ ಆರಿತು. ಗಾಳಿಗೆ ಆರುವ ದೀಪ ಮೊದಲು ಹೊಯ್ದಾಡುತ್ತದೆ. ಇದು ಹೊಯ್ದಾಡಲಿಲ್ಲ.

“ನೋಡಿದ್ರಿಲ್ಲೋ ಟೀಚರಮ್ಮ? ದೀಪ ಆರಿತಂದ್ರ ಮನಷ್ಯಾ ಇಳೀಬಾರ್ದು. ಒಂದಿನ ಬಾಯಿ ತಗದು ಬಿಡ್ಬೇಕು. ದೀಪ ಉರದ್ರ ಅಂಜಿಕಿ ಇಲ್ಲ. ಕೂಸಿನ್ನ ಹುಷಾರ್ ಇಟ್ಕೊರಿ.”

ಕಂಕುಳಲ್ಲಿದ್ದ ಎರಡು ವರ್ಷದ ಮಗಳು ವಾಣಿ, “ಇನ್ನೊಂದ್ ಸಲ” ಎಂದಳು.

ನನ್ನೂರು ಕುಂದಾಪುರದ ನಿಮಗೆ ಹಗೇವು ಎಂದರೆ ಗೊತ್ತಿರಲಾರದು. ಜೋಳ ಕೂಡಿಡಲು ನೆಲದೊಳಗೆ ತೋಡಿದ ಗುಂಡಿ ಅದು. ಬಾಯಿ ಕಿರಿದು, ಹೊಟ್ಟೆ ಅಗಲ. ಕಾಳು ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ಶರಣಮ್ಮನವರ ಹೊಲ ಗೊರೇಬಾಳದ ಕಡೆ. ಕಾಲುವೆ ನೀರು ಬಂದಮೇಲೆ ಅಲ್ಲಿ ಜೋಳ ಹೋಗಿ ಭತ್ತ ಬಂತು. ಇಲ್ಲಿ ಹಗೇವು ಖಾಲಿಯಾಯಿತು. ಖಾಲಿ ಎಂದರೆ ಅವರು ಒಪ್ಪುತ್ತಿರಲಿಲ್ಲ. ತಳದಲ್ಲಿ ಒಂದು ಬೊಗಸೆ ಜೋಳ ಇದ್ದೇ ಇರಬೇಕು, ಬರಿದಾದ ಹಗೇವು ಮನೆಯವರನ್ನು ತನ್ನೊಳಗೆ ಕರೆಯುತ್ತದಂತೆ.

ನನಗೆ ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿಯ ಕೆಲಸ ಸಿಕ್ಕಿ ಇಲ್ಲಿಗೆ ಬಂದದ್ದು ನಾಲ್ಕು ವರ್ಷದ ಹಿಂದೆ, ತೊಂಬತ್ತೊಂದರಲ್ಲಿ. ಗಂಡ ಸಿಂಧನೂರಿನ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ನಮ್ಮೂರಿನ ಹಂಚಿನ ಮನೆಯಲ್ಲಿ ಗಾಳಿ ಕೇಳದೆ ಬಂದು ಹೇಳದೆ ಹೋಗುತ್ತದೆ. ಇಲ್ಲಿಯ ಮಾಳಿಗೆ ಮನೆಗೆ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಸಮತಟ್ಟು ಸೂರು, ನೆಲಕ್ಕೆ ಪರಸಿ ಎಂಬ ಚಪ್ಪಡಿ ಕಲ್ಲು, ಕಿಟಕಿಗಳು ಇದ್ದೂ ಇಲ್ಲದಷ್ಟು ಚಿಕ್ಕವು. ಕೋಣೆಯ ನಡುನೆತ್ತಿಯಲ್ಲಿ ಒಂದು ಬೆಳಕಿಂಡಿ. ಬೇಸಿಗೆಯಲ್ಲಿ ಅದರಿಂದ ಧೂಳು ಸುರಿಯುತ್ತಿತ್ತು, ಮಂಗ ಇಣುಕುತ್ತಿತ್ತು.

ನಾನು ಇಲ್ಲಿ ಮಾಡಿದ ಮೊದಲ ಕೆಲಸವೆಂದರೆ ಎಲ್ಲವನ್ನೂ ಮುಚ್ಚಿಸಿದ್ದು. ಗೌಂಡಿ ಮೌಲಾಸಾಬರನ್ನು ಕರೆಸಿ ಹಗೇವಿನ ಬಾಯಿಗೆ ಸಿಮೆಂಟು ಮೆತ್ತಿಸಿದೆ, ಬೆಳಕಿಂಡಿಗೆ ಗಾಜು ಕೂರಿಸಿದೆ. ಅಂದು ಮಧ್ಯಾಹ್ನ ಕೋಣೆ ತಣ್ಣಗೆ, ನಿಶ್ಶಬ್ದವಾಗಿತ್ತು. ಹೊಸ ಊರನ್ನು ಗೆದ್ದೆನೆಂದು ಅಮ್ಮನಿಗೆ ಪತ್ರ ಬರೆದೆ. ಆ ಪತ್ರ ಈಗಲೂ ಅಮ್ಮನ ಬಳಿ ಇದೆ. ಹೋದ ಸಲ ಓದಿ ನೋಡಿದರೆ ಅದರಲ್ಲಿ ಗೆಲುವಿನ ಮಾತೇ ಇರಲಿಲ್ಲ. ಮೆಣಸಿನಕಾಯಿಯ ಖಾರದ ಬಗ್ಗೆ ಎರಡು ಪುಟ ಇತ್ತು. ಗೆದ್ದ ನೆನಪನ್ನು ಆಮೇಲೆ ಯಾವಾಗಲೋ ಸೇರಿಸಿಕೊಂಡಿರಬೇಕು.

ಮರುವರ್ಷ ಕಾಲೇಜಿನ ಗೆಳತಿ ಲತಾ ಬಂದಳು. ಈ ಕಲ್ಲುಭೂಮಿಯ ಮನೆಗಳೊಳಗಿನ ಗಾಳಿಯ ಬಗ್ಗೆ ಅವಳ ಸಂಶೋಧನೆ. ಅವಳು ತಂದದ್ದು ಮುಚ್ಚಳದ ಪುಟ್ಟ ಪ್ಲಾಸ್ಟಿಕ್ ಬಟ್ಟಲುಗಳು, ಒಳಗೆ ಗಾಳಿಯ ಗುರುತು ಹಿಡಿಯುವ ಬೆರಳಗಲದ ಫಿಲ್ಮು. ಒಂದನ್ನು ನಮ್ಮ ಮಲಗುವ ಕೋಣೆಯಲ್ಲಿ, ಇನ್ನೊಂದನ್ನು ಶರಣಮ್ಮ ಮಲಗುವ ಹೊರಗಿನ ಪಡಸಾಲೆಯಲ್ಲಿ ತೂಗುಹಾಕಿದಳು.

“ಇದೇನ್ ತಾಯತಾ ಏನವ್ವಾ?” ಎಂದು ಶರಣಮ್ಮ ಕೇಳಿದರು.

“ಹಾಗೇ ಅಂದ್ಕೊಳ್ಳಿ ಅಜ್ಜಿ. ಮೂರು ತಿಂಗಳು ಮುಟ್ಟಬೇಡಿ.”

ಮೂರು ತಿಂಗಳಾದ ಮೇಲೆ ಬಟ್ಟಲುಗಳನ್ನು ಲಿಂಗಸುಗೂರಿನಿಂದ ಲತಾಳಿಗೆ ಪಾರ್ಸೆಲ್ ಮಾಡಿದೆ. ಉತ್ತರ ಬಂದಾಗ ವಾಣಿ ಆ ಕೋಣೆಯ ನೆಲದ ಮೇಲೆ ಬೋರಲಾಗಿ ಮಲಗಿ, ಪರಸಿಯ ಸಂದಿಗೆ ಕಿವಿಯಿಟ್ಟು ಆಡುತ್ತಿದ್ದಳು. ಪಡಸಾಲೆಯ ಬಟ್ಟಲಿಗಿಂತ ನಮ್ಮ ಕೋಣೆಯದರಲ್ಲಿ ಎಷ್ಟೋ ಪಟ್ಟು ಹೆಚ್ಚು ರೇಡಾನ್ ಎಂದು ಲತಾ ಬರೆದಿದ್ದಳು. ಕಲ್ಲು ಮಣ್ಣಿನಲ್ಲಿರುವ ಯುರೇನಿಯಂ ಕ್ಷಯಿಸುತ್ತ ಹುಟ್ಟುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕುಗಳಿಂದ ಏರಿ ಬಂದು ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ಹಲವು ವರ್ಷ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಕೊನೆಯಲ್ಲಿ ಒಂದು ಸಾಲು: “ನೀನು ಬೆಳಕಿಂಡಿ ಮುಚ್ಚಿಸಿದ್ದು ತಪ್ಪಾಯಿತು ಕಣೆ.”

ಮಗಳನ್ನು ನೆಲದಿಂದ ಎತ್ತಿಕೊಂಡೆ. ಎತ್ತಿಕೊಂಡು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತೆ. ಅವಳಿಗೆ ಆಗ ಕೆಮ್ಮಿತ್ತು. ಮರುದಿನವೇ ಲಿಂಗಸುಗೂರಿನ ಡಾಕ್ಟರ ಬಳಿ ಹೋದೆವು. “ಥಂಡಿ ಐತ್ರೀ, ಧೂಳಿನ ಕೆಮ್ಮು” ಎಂದರು. ಆ ಅನಿಲ ಇಂದು ಕೆಮ್ಮು ತರುವಂಥದ್ದಲ್ಲ ಎಂದು ನನಗೂ ಗೊತ್ತಿತ್ತು. ಆ ತಿಳಿವಳಿಕೆಯೇ ಹೆಚ್ಚು ಹೆದರಿಸಿತು. ನಮ್ಮೂರಲ್ಲಿ ಕಡಲು ಏರಿದರೆ ಸದ್ದು ಕೇಳುತ್ತದೆ, ಓಡಬಹುದು. ಇಲ್ಲಿ ಇಂದು ಎಳೆದ ಉಸಿರಿನ ಉತ್ತರ ಅವಳು ನನ್ನ ವಯಸ್ಸಿಗೆ ಬಂದಾಗ ಸಿಗಬಹುದು. ಸಿಗದೆಯೂ ಇರಬಹುದು.

ಬೇರೆ ಮನೆ ಹುಡುಕಿದೆವು. ಸಿಕ್ಕಿದ ಎರಡರಲ್ಲೂ ಅದೇ ಪರಸಿ, ಅದೇ ಕಲ್ಲು. ಒಂದರಲ್ಲಂತೂ ಎರಡು ಹಗೇವು.

ಗಾಜು ತೆಗೆಸಿ ಬೆಳಕಿಂಡಿ ಬಿಚ್ಚುವುದು ಸುಲಭವಾಗಿತ್ತು. ಪರಸಿಯ ಸಂದುಗಳಿಗೆ ಸಿಮೆಂಟು ತುಂಬುವುದೂ ಕಷ್ಟವಲ್ಲ. ಆದರೆ ಲತಾ ಹೇಳಿದ ಮುಖ್ಯ ಉಪಾಯ ಬೇರೆ: ಹಗೇವಿನೊಳಗಿನಿಂದ ಒಂದು ಪೈಪು ಎಬ್ಬಿಸಿ ಮಾಳಿಗೆಯಿಂದಾಚೆಗೆ ಒಯ್ಯುವುದು. ನೆಲದಡಿಯ ಗಾಳಿ ಕೋಣೆಗೆ ಬರುವ ಬದಲು ಹಗೇವಿನಲ್ಲಿ ಕೂಡಿ, ಪೈಪು ಹಿಡಿದು ಆಕಾಶಕ್ಕೆ ಹೋಗಬೇಕು. ಅದಕ್ಕೆ ಶರಣಮ್ಮ ಒಪ್ಪಬೇಕಿತ್ತು.

“ಏನ್ ಮಾತಾಡಾಕತ್ತೀರಿ ಟೀಚರಮ್ಮ? ಹಗೇವಿಗೆ ಕೊಳವಿ? ಓಣಿ ಮಂದಿ ಏನಂತಾರ? ಶರಣಮ್ಮನ ಹಗೇವು ಬರಿದಾಗೇತಿ ಅಂತ ಡಂಗುರ ಹೊಡದಂಗಲ್ಲೇನು?”

“ಅಮ್ಮಾ, ಕೆಳಗೆ ಕೆಟ್ಟ ಗಾಳಿ ಇದೆ.”

ಅವರು ಎದ್ದು ಹೋಗಿ ಬುಡ್ಡಿದೀಪ ಹಚ್ಚಿ ತಂದು ನಮ್ಮ ಕೋಣೆಯ ನಡುವೆ ಇಟ್ಟರು. ಕುಡಿ ನೆಟ್ಟಗೆ ನಿಂತು ಉರಿಯಿತು.

“ಉರೀತೈತಲ್ಲ! ಕಣ್ಣಿಲ್ಲೇನು ನಿಮಗ?”

ಈ ಊರು ತಲೆಮಾರುಗಳಿಂದ ದೀಪವನ್ನು ನಂಬಿ ಜೀವ ಉಳಿಸಿಕೊಂಡಿದೆ. ಹಗೇವಿನ ಉಸಿರುಗಟ್ಟಿಸುವ ಗಾಳಿಗೆ ಅದು ಸರಿಯಾದ ಪರೀಕ್ಷೆಯೇ. ಆದರೆ ಈ ಅನಿಲವಿದ್ದರೂ ದೀಪ ಉರಿಯುತ್ತದೆ, ಎಂದಿನಂತೆಯೇ ಉರಿಯುತ್ತದೆ. ಅದನ್ನು ವಿವರಿಸಿದೆ. ಅವರು ಕೇಳುತ್ತ ಕೇಳುತ್ತ ನೆಲಕ್ಕೆ ಕೂತರು.

“ಮೂವತ್ತು ವರ್ಷ ಈ ಖೋಲಿಯಾಗ ಮಲಗೀವಿ ನಾವು. ಯಜಮಾನ್ರು ಕೆಮ್ಮಿ ಕೆಮ್ಮೀ ಹೋದ್ರು. ರಕ್ತ ಬೀಳ್ತಿತ್ತು.” ನೆಲದ ಕಲ್ಲಿನ ಮೇಲೆ ಅಂಗೈ ಇಟ್ಟು, “ಹಂಗಾದ್ರ ಇದಾ ಏನು?” ಎಂದರು.

ಇಲ್ಲಿ ನನ್ನ ನೆನಪು ಎರಡಾಗಿದೆ. ಒಂದರಲ್ಲಿ ನಾನು, “ಅವರು ಬೀಡಿ ಸೇದುತ್ತಿದ್ದರಲ್ಲ ಅಮ್ಮಾ, ಯಾರಿಗೂ ಹೇಳಲಾಗದು” ಎನ್ನುತ್ತೇನೆ. ಇನ್ನೊಂದರಲ್ಲಿ ಸುಮ್ಮನೆ ನಿಂತಿದ್ದೇನೆ. ಪೈಪಿಗೆ ಅವರು ಒಪ್ಪಲಿ ಎಂಬ ಆಸೆಯಿಂದ ಬಾಯಿ ಬಿಡುವುದಿಲ್ಲ. ಮೊದಲನೆಯದು ನಿಜವಾಗಿರಲಿ ಎಂದು ಬಯಸುತ್ತೇನೆ. ಎರಡನೆಯದೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

“ತಗೀರಿ,” ಎಂದರು ಶರಣಮ್ಮ. “ಖರೇ, ಬಾಯಿ ಮುಚ್ಚೂಕಿಂತ ಮೊದ್ಲ ಒಂದು ಬೊಗಸಿ ಜ್ವಾಳ ಹಾಕ್ಬೇಕು. ಹೊಸಾವು.”

ಮೌಲಾಸಾಬರು ಬಂದು, ತಾವೇ ಮೆತ್ತಿದ ಸಿಮೆಂಟನ್ನು ನೋಡಿ ನಕ್ಕರು. “ಮುಚ್ಚಂದ್ರಿ ಮುಚ್ಚಿದೆ, ತಗಿ ಅಂತೀರಿ ತಗೀತೀನಿ. ಇದು ಮನಿ ಐತೋ ಬಾಜಾಪೆಟ್ಟಿ ಐತೋ ಮೇಡಂ?”

“ಲೇ ಮೌಲಾ, ನಗಬ್ಯಾಡ. ಕೂಸಿಂದು ಐತಿ,” ಎಂದು ಶರಣಮ್ಮ ಗದರಿದರು. ಅವರು ನನ್ನ ಪರ ಮಾತಾಡಿದ್ದು ಅದೇ ಮೊದಲು.

ಗದ್ದೆಗೆ ನೀರು ಹಾಯಿಸುವ ಪೈಪನ್ನೇ ಸಿಂಧನೂರಿನಿಂದ ನನ್ನ ಗಂಡ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಬಾಯಿ ತೆರೆದು ಇಡೀ ದಿನ ಬಿಟ್ಟು, ದೀಪ ಇಳಿಸಿ ನೋಡಿ, ಶರಣಮ್ಮ ವಾಣಿಯ ಕೈಯಿಂದಲೇ ಜೋಳ ಹಾಕಿಸಿದರು. ಕಾಳು ಬಿದ್ದ ಸದ್ದು ಕೇಳಲು ಎಲ್ಲರೂ ಬಗ್ಗಿದೆವು. ನನಗೆ ಕೇಳಲಿಲ್ಲ. ಶರಣಮ್ಮನಿಗೆ ಕೇಳಿತಂತೆ. ಆಮೇಲೆ ಮೌಲಾಸಾಬರು ಪೈಪಿನ ಸುತ್ತ ಬಾಯಿ ಬಿಗಿಯಾಗಿ ಮುಚ್ಚಿ, ಅದನ್ನು ಗೋಡೆಗುಂಟ ಏರಿಸಿ, ಮಾಳಿಗೆಯ ಮೇಲೆ ಆಳೆತ್ತರ ನಿಲ್ಲಿಸಿದರು. ಬಿಸಿಲಿಗೆ ಕಾದರೆ ಗಾಳಿ ಚೆನ್ನಾಗಿ ಎಳೆಯುತ್ತದೆಂದು ಮೇಲಿನ ತುದಿಗೆ ಕಪ್ಪು ಬಣ್ಣ ಬಳಿದರು. ಓಣಿಯವರು “ಮಸ್ಕ್ಯಾಗ ಗಿರಣಿ ಯಾವಾಗ ಆತು?” ಎಂದು ಕೇಳುತ್ತಿದ್ದರು. ವಾಣಿಗೆ ಮಾತ್ರ ಅದು ಮನೆಯ ಮೂಗು.

ಮುಂದಿನ ಬಟ್ಟಲಿನ ಫಲಿತಾಂಶ ಬಂದಾಗ ಕೋಣೆಯ ಅಂಕಿ ಬಹಳ ಇಳಿದಿತ್ತು. ಪಡಸಾಲೆಯಷ್ಟು ಅಲ್ಲ. ಸೊನ್ನೆ ಎಂಬುದು ಎಲ್ಲಿಯೂ ಇಲ್ಲ ಎಂದು ಲತಾ ಬರೆದಳು. ಆ ವಾಕ್ಯವನ್ನು ಸಮಾಧಾನಕ್ಕೆಂದೇ ಬರೆದಿದ್ದಳು. ನಾನು ಈಗಲೂ ಬೆಳಗ್ಗೆ ಎದ್ದ ಕೂಡಲೇ ಮೊದಲು ಮಗಳ ಎದೆ ಏರಿಳಿಯುವುದನ್ನು ನೋಡುತ್ತೇನೆ, ಆಮೇಲೆ ಪೈಪಿನ ಬುಡದ ಸಿಮೆಂಟು ಬಿರಿದಿದೆಯೇ ಎಂದು ಬೆರಳಾಡಿಸುತ್ತೇನೆ.

ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವಾಗ ಲತಾ ಕೊಟ್ಟ ಇನ್ನೊಂದು ಬಟ್ಟಲನ್ನೂ ಒಯ್ದಿದ್ದೆ. ಕರಾವಳಿಯ ಕೆಲವು ಕಡೆಯ ಮರಳಿನಲ್ಲೂ ಇಂಥ ಅಂಶಗಳಿರುತ್ತವಂತೆ. ನಾನು ಹುಟ್ಟಿದ ಕೋಣೆಯ ಮಾಡಿನ ಪಕಾಸಿಗೆ ಅದನ್ನು ಕಟ್ಟುವಾಗ ಅಮ್ಮ ಬಾಗಿಲಲ್ಲಿ ನಿಂತು ನೋಡಿದರು.

“ಎಂತ ಹೆಣೆ ಅದ್? ಅಲ್ಲಿನ್ ಹೆದ್ರಿಕಿ ಇಲ್ಲಿಗೂ ತಂದ್ಯಾ?”

ಗಂಟು ಬಿಗಿದು ಕೆಳಗಿಳಿದೆ. ರಾತ್ರಿಯಿಡೀ ಹಂಚಿನ ಸಂದಿಯಿಂದ ಗಾಳಿ ಬಂತು. ಚಿಕ್ಕಂದಿನಲ್ಲಿ ಹೀಗೇ ಬರುತ್ತಿತ್ತೋ ಏನೋ. ವಾಣಿಗೆ ನಿದ್ದೆ ಹತ್ತಲಿಲ್ಲ. “ಅಜ್ಜಿ ಮನಿಗೆ ಮೂಗು ಇಲ್ಲೇನು?” ಎಂದು ಮಸ್ಕಿಯ ಮಾತಿನಲ್ಲೇ ಕೇಳಿದಳು.

ರಜೆ ಮುಗಿದು ಮಸ್ಕಿಗೆ ಮರಳಿದೆವು. ಈಗ ಎರಡು ಮನೆಯಲ್ಲೂ ಬಟ್ಟಲು ತೂಗಿದ್ದಾಯಿತು. ಅಮ್ಮನ ಮನೆಯದು ಮೂರು ತಿಂಗಳು ತುಂಬಿ ಲತಾಳ ಬಳಿಗೆ ಹೋಗಿದೆ, ಫಲಿತಾಂಶ ಇನ್ನೂ ಬಂದಿಲ್ಲ. ಅದು ತೀರ ಕಡಿಮೆ ಬಂದರೆ, ವಾಣಿಯನ್ನು ಅಲ್ಲಿ ಬಿಡದೆ ಇಲ್ಲಿ ಏಕೆ ಇಟ್ಟುಕೊಂಡಿದ್ದೇನೆ ಎಂದು ನನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ನಿನ್ನೆ ಅಂಚೆಯವನ ಸೈಕಲ್ ಬೆಲ್ ಕೇಳಿ ಪಡಸಾಲೆಗೆ ಓಡುವಾಗ, ತೀರ ಕಡಿಮೆ ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅಂಚೆಯವನು ಪಕ್ಕದ ಮನೆಗೆ ಹೋದ. ಶರಣಮ್ಮ ಕೂತಲ್ಲಿಂದಲೇ ಕೇಳಿದರು:

“ಊರಿಂದ ಕಾಗದ ಬಂತೇನ್ರಿ?”

“ಯಾವ ಊರಿಂದ?” ಎಂದೆ.