ಅಕ್ಕೋರ ಬೆನ್ನ ಹಿಂದೆ ನಿಂತವನು

...ಅಥವಾ ಆ ಪರದೆ ಅಷ್ಟು ಹಸಿರಾಗಿರಲಿಲ್ಲವೇನೋ. ಈಗ ನೆನೆದರೆ ಕಣ್ಣಿಗೆ ಕುಕ್ಕುವ ಹಸಿರೇ ಕಾಣುತ್ತದೆ. ಆದರೆ ನೆನಪು ಬಣ್ಣವನ್ನು ಏರಿಸಿ ತೋರಿಸುತ್ತದೆ ಎಂಬ ಅನುಮಾನ ನನಗೆ ಯಾವಾಗಲೂ ಇದೆ. ನಿನ್ನೆ ಪುಣೆಯ ಕೋಥರೂಡದಲ್ಲಿ, ನಮ್ಮ ಸೊಸೈಟಿಯ ಗೇಟಿನ ಪಕ್ಕದ ಇಸ್ತ್ರಿಯವನು ಯಾರದೋ ಪಾಲಿಯೆಸ್ಟರ್ ಬಟ್ಟೆಯನ್ನು ತುಸು ಸುಟ್ಟ. ಆ ವಾಸನೆ ಮೂಗಿಗೆ ಬಡಿದದ್ದೇ ಅಕ್ಕೋರು ನೆನಪಾದರು. ವಿಡಿಯೊಗೆಂದು ಕಟ್ಟಿದ್ದ ಆ ಪರದೆಯ ಸುಕ್ಕು ತೆಗೆಯಲು ಅವರು ಮನೆಯಿಂದ ಇಸ್ತ್ರಿ ಪೆಟ್ಟಿಗೆ ತಂದಿದ್ದರು. ಒಂದು ಮೂಲೆ ಸುಟ್ಟಿತು. ಸುಟ್ಟದ್ದು ಅವರೋ ನಾನೋ... ಅದೂ ಖಚಿತವಿಲ್ಲ.

ಬೆಳಗಾವಿ ಕಡೆಯವನಾದ ನನಗೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಇವರು ಧಾರವಾಡದವರು, ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಶಿಕ್ಷಕರಿಗೆಂದು ಶನಿವಾರ ನಡೆಯುತ್ತಿದ್ದ ಶೈಕ್ಷಣಿಕ ತಂತ್ರಜ್ಞಾನದ ಕೋರ್ಸಿಗೆ ನಾವಿಬ್ಬರೂ ಸೇರಿದ್ದೆವು. ಇಬ್ಬಿಬ್ಬರು ಕೂಡಿ ಒಂದು ಪಾಠದ ವಿಡಿಯೊ ಮಾಡಿ ಒಪ್ಪಿಸಬೇಕಿತ್ತು. ವರ್ಗದಲ್ಲಿ ಕನ್ನಡದವರು ನಾವಿಬ್ಬರೇ ಇದ್ದುದರಿಂದ ಜೋಡಿಯಾದೆವು. ಕ್ಯಾಮೆರಾ ಮತ್ತು ಎಡಿಟಿಂಗ್ ನನ್ನ ಪಾಲಿಗೆ, ಕಲಿಸುವುದು ಅವರ ಪಾಲಿಗೆ. ಪಾಠ, ಜನ ಊರಿಂದ ಊರಿಗೆ ಹೇಗೆ ಹೋಗುತ್ತಾರೆ ಎಂಬುದು.

ಅವರ ಯಜಮಾನರ ಸಂಗತಿಯನ್ನು ಅವರೇ ಹೇಳಿದ್ದರು, ಚಹಾ ಆರಿಸಿಕೊಳ್ಳುತ್ತ, ಬೇರೆ ಯಾರದೋ ಸುದ್ದಿ ಎಂಬಂತೆ. ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ. ಒಂದು ಬೆಳಿಗ್ಗೆ ಡಬ್ಬಿ ಚೀಲ ಹಿಡಿದು ಕಂಪನಿ ಬಸ್ಸಿಗೆಂದು ಹೋದವರು ಕಾರ್ಖಾನೆಯನ್ನೂ ಮುಟ್ಟಲಿಲ್ಲ, ಮನೆಗೂ ಬರಲಿಲ್ಲ. ಹನ್ನೆರಡು ವರ್ಷ ಸುಳಿವು ಸಿಗದಿದ್ದರೆ ದರ್ಭೆಯಲ್ಲಿ ಒಂದು ಆಕಾರ ಕಟ್ಟಿ, ಅದನ್ನೇ ದೇಹವೆಂದು ಸುಟ್ಟು ಕರ್ಮ ಮುಗಿಸುವುದು ಅವರ ಮನೆತನದ ಪದ್ಧತಿ. ಆ ವರ್ಷ ಹನ್ನೆರಡು ತುಂಬುತ್ತಿತ್ತು. ಧಾರವಾಡದಲ್ಲಿ ಮೈದುನ ದಿನ ಗೊತ್ತುಮಾಡಿದ್ದ. ಅಂದು ಅಕ್ಕೋರ ಕೈಯ ಹಸಿರು ಬಳೆ ಒಡೆಯುತ್ತಾರೆ.

"ಸತ್ತದ್ದು ಯಾರೂ ನೋಡಿಲ್ಲ. ಸುಡಾಕ ಮಾತ್ರ ಎಲ್ಲಾರೂ ತಯಾರದಾರ," ಎಂದು ಹೇಳಿ ಚಹಾ ಕುಡಿದಿದ್ದರು.

ಹಸಿರು ಪರದೆಯ ಮುಂದೆ ಹಸಿರು ತೊಡಬಾರದು. ಕಂಪ್ಯೂಟರು ಆ ಬಣ್ಣವನ್ನು ಅಳಿಸಿ ಅಲ್ಲಿ ಬೇರೆ ಚಿತ್ರ ಕೂರಿಸುತ್ತದೆ. ಮೈಮೇಲಿನ ಹಸಿರನ್ನೂ ಪರದೆಯೆಂದೇ ತಿಳಿಯುತ್ತದೆ. ಕಲಿಸುವ ಸರ್ ಇದನ್ನು ಹೇಳಿದ ದಿನ ಅಕ್ಕೋರು ಬಂದಿರಲಿಲ್ಲ. ಮೊದಲ ಸಲ ಕ್ಯಾಮೆರಾ ಮುಂದೆ ನಿಲ್ಲುವುದು, ಶುಭವಾಗಲಿ ಎಂದು ಹಸಿರು ಇಳಕಲ್ ಸೀರೆ ಉಟ್ಟು, ಕೆಂಪು ಸೆರಗು ಹೊದ್ದು ಬಂದರು. ನಾನು ನಗು ತಡೆದುಕೊಂಡು ಒಂದಿಷ್ಟು ಚಿತ್ರೀಕರಿಸಿದೆ. ಹಿನ್ನೆಲೆಗೆ ಬಸ್ ಸ್ಟ್ಯಾಂಡು ಬೇಕಿತ್ತು. ಹಿಂದಿನ ವಾರ ಸೊಲ್ಲಾಪುರದಿಂದ ಬರುವಾಗ ಇಂದಾಪುರದಲ್ಲಿ ಬಸ್ಸು ನಿಂತಿದ್ದಾಗ ತೆಗೆದ ಫೋಟೊ ಫೋನಿನಲ್ಲಿತ್ತು. ಅದನ್ನೇ ಹಾಕಿದೆ.

ಮಾನಿಟರಿನ ಮೇಲೆ ಅಕ್ಕೋರ ಮುಖವಿತ್ತು. ಕೆಂಪು ಕುಪ್ಪಸವಿತ್ತು. ಸೆರಗು ಯಾವ ಮೈಯೂ ಇಲ್ಲದೆ ಗಾಳಿಯಲ್ಲಿ ಇಳಿಬಿದ್ದಿತ್ತು. ಕೈಗಳು ಬಳೆಯವರೆಗೆ ಬಂದು ತುಂಡಾಗಿ, ಒಂದಿಷ್ಟು ಜಾಗ ಬಿಟ್ಟು, ಅಂಗೈಯಿಂದ ಮತ್ತೆ ಶುರುವಾಗುತ್ತಿದ್ದವು.

"ಏ ತಮ್ಮಾ, ನನ್ನ ಹೊಟ್ಟಿ ಎಲ್ಲಿ ಹೋತೋ? ಹೊಟ್ಟ್ಯಾಗ ಬಸ್ ನಿಂತದಲ್ಲೋ!"

"ಮುಂಜಾನೆ ಏನು ತಿಂದಿದ್ರಿ ಅಕ್ಕೋರ?"

"ಉಪ್ಪಿಟ್ಟು. ಅದೂ ಕಾಣವಲ್ದು ನೋಡು!"

ಇಬ್ಬರೂ ನಕ್ಕೆವು. ಆಮೇಲೆ ನಗುತ್ತಿದ್ದವನು ನಾನೊಬ್ಬನೇ. ಅವರು ಮಾನಿಟರಿಗೆ ಮೂಗು ತಾಗುವಷ್ಟು ಬಾಗಿದ್ದರು. ಅವರ ಮೈ ಇರಬೇಕಾಗಿದ್ದ ಜಾಗದಲ್ಲಿ, ಬಸ್ಸಿನ ಪಕ್ಕ, ಒಬ್ಬ ಮನುಷ್ಯ ನಮಗೆ ಬೆನ್ನು ಹಾಕಿ ನಿಂತಿದ್ದ. ಫೋಟೊದಲ್ಲಿ ಆತ ಮೊದಲಿನಿಂದಲೂ ಇದ್ದ. ತೆಗೆದ ನಾನೇ ನೋಡಿರಲಿಲ್ಲ.

"ಚೀಲದ ಹಿಡಿಕಿ ನೋಡು," ಎಂದರು ಸಣ್ಣ ದನಿಯಲ್ಲಿ. "ಮಣಿಕಟ್ಟಿಗೆ ಸುತ್ತಿಕೊಂಡಾರ. ನಮ್ಮ ಮನಿಯವರೂ ಹಂಗ ಹಿಡೀತಿದ್ರು."

ಹಿಗ್ಗಿಸಿದರೆ ಬರೀ ಚೌಕಗಳು. ಮಸುಕು ಚಿತ್ರವನ್ನು ಸ್ಪಷ್ಟಗೊಳಿಸುವ ತಂತ್ರಾಂಶವನ್ನೂ ಅದೇ ಕೋರ್ಸಿನಲ್ಲಿ ಕಲಿಸಿದ್ದರು. ಆ ಮನುಷ್ಯನನ್ನು ಅದರೊಳಗೆ ಹಾಕಿದೆ. ಕಿವಿ ಬಂತು. ಕೆನ್ನೆ ಬಂತು, ಕೆನ್ನೆಯ ಮೇಲೆ ಬೋಳಿಸದ ಗಡ್ಡ ಬಂತು. ಕಣ್ಣಿನ ಅಂಚೂ ಬಂತು. ಇನ್ನೊಂದು ಸಲ ಒತ್ತಿದರೆ ಆತ ಪೂರ್ತಿ ನಮ್ಮತ್ತ ತಿರುಗಿಬಿಡುತ್ತಾನೆ ಎನಿಸಿ ನಾನು ಮೌಸ್ ಮೇಲಿನ ಕೈ ತೆಗೆದೆ.

"ಹೋಲ್ತದ..." ಎಂದರು ಅಕ್ಕೋರು. "ಭಾಳ ಹೋಲ್ತದ. ಮೈದುನಗ ಇದನ್ನ ಕಳಿಸಿದ್ರ ಸಾಕು. ಸುಡೂದು ನಿಲ್ತದ."

ಅವರ ಫೋನಿಗೆ ಕಳಿಸಲು ಹೊರಟಿದ್ದೆ.

"ತಡಿ. ಈ ಕಿವಿ ಫೋಟೊದಾಗ ಇತ್ತೇನು?"

"ಇಲ್ರಿ. ಅದು ತಾನೇ ಊಹಿಸಿ ಹಾಕ್ತದ."

"ಯಾರ ಕಿವಿ ಹಾಕ್ತದ ಅದು?"

ಅವರು ಬಹಳ ಹೊತ್ತು ಆ ಅರ್ಧ ಮುಖವನ್ನೇ ನೋಡಿದರು, ಆಮೇಲೆ ಸರಕ್ಕನೆ ಕಣ್ಣು ಮುಚ್ಚಿಕೊಂಡರು. "ಅಳಿಸು ತಮ್ಮಾ. ಇನ್ನೊಮ್ಮೆ ನೋಡಿದ್ರ ಅವರ ಖರೇ ಮುಖ ಮರ್ತು ಹೋಗ್ತದ."

ಅಳಿಸಿದೆ. ಮಸುಕಾದ ಫೋಟೊವನ್ನಷ್ಟೇ ಅವರು ಮೈದುನನಿಗೆ ಕಳಿಸಿದರು. ಬರೀ ಬೆನ್ನು ನೋಡಿ ಯಾರು ನಂಬುತ್ತಾರೆ? ಕರ್ಮದ ದಿನ ಬದಲಾಗಲಿಲ್ಲ.

ಮುಂದಿನ ಶನಿವಾರ ಬಿಳಿ ಸೀರೆಯಲ್ಲಿ ಬಂದರು ಎಂದು ಬರೆಯಲು ಹೊರಟಿದ್ದೆ... ಬಿಳಿಯಲ್ಲ. ಬಿಳಿಯನ್ನು ಈಗ ನಾನೇ ಉಡಿಸುತ್ತಿದ್ದೇನೆ. ಹಳದಿಯೋ ಗಂಧದ ಬಣ್ಣವೋ ಇರಬೇಕು. ಬಳೆಯನ್ನೂ ತೆಗೆಯಿರಿ ಎಂದು ಸರ್ ಮರಾಠಿಯಲ್ಲಿ ಹೇಳಿದರು. ಅಕ್ಕೋರು ಕೇಳಿಸದವರಂತೆ ಪಾಠ ಶುರುಮಾಡಿದರು. ಕ್ಯಾಮೆರಾದ ಚೌಕಟ್ಟಿನ ತೀರ ಅಂಚಿಗೆ ನಿಂತಿದ್ದರು. "ತಾಈ, ಮಧ್ಯೇ ಯಾ ನಾ!" ನಡುವೆ ಬನ್ನಿ ಎಂದು ಸರ್ ಎರಡು ಮೂರು ಸಲ ಕೂಗಿದರು. ಅವರು ಜರುಗಲಿಲ್ಲ. ಜರುಗಿದ್ದರೆ ಫೋಟೊದಲ್ಲಿ ಹಿಂದೆ ನಿಂತವನು ಮುಚ್ಚಿಹೋಗುತ್ತಿದ್ದ.

ಹೀಗಾಗಿ ನಾವು ಒಪ್ಪಿಸಿದ ಪಾಠದಲ್ಲಿ ಒಂದು ಅಂಚಿನಿಂದ ಅಕ್ಕೋರು ತುಂಡು ತುಂಡಾದ ಕೈಯಾಡಿಸುತ್ತ ಬಸ್ಸು, ರೈಲು, ದೋಣಿ ಎಂದು ನಗುನಗುತ್ತ ಹೇಳುತ್ತಾರೆ. ನಡುವೆ, ಮಕ್ಕಳು ನೋಡುವ ಜಾಗದಲ್ಲಿ, ಒಬ್ಬ ಮನುಷ್ಯ ಕೊನೆಯವರೆಗೂ ಬೆನ್ನು ಹಾಕಿ ನಿಂತಿದ್ದಾನೆ. ಚೌಕಟ್ಟು ಸರಿಯಿಲ್ಲವೆಂದು ಅಂಕ ಕಡಿಮೆ ಬಂತು. ಪಾಸಾದೆವು.

ಧಾರವಾಡಕ್ಕೆ ಹೊರಡುವ ದಿನ ನಾನೇ ಸ್ಕೂಟರಿನಲ್ಲಿ ಅವರನ್ನು ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ಬಿಟ್ಟೆ. ಮರುದಿನವೇ ಕರ್ಮ. ಕೈಯಲ್ಲಿ ಒಂದು ಸಣ್ಣ ಚೀಲ. ಸ್ಟ್ಯಾಂಡಿನ ಬಾಗಿಲಲ್ಲಿ ನಿಂತು, "ಇಂದಾಪುರದ ಗಾಡಿನೂ ಇಲ್ಲಿಂದನ ಬಿಡ್ತಾವಲ್ಲ?" ಎಂದು ಕೇಳಿದರು. ಹೌದ್ರಿ ಎಂದೆ. ಹಿಂದಿನ ರಿಕ್ಷಾದವನು ಹಾರ್ನ್ ಮಾಡುತ್ತಿದ್ದ. ಸ್ಕೂಟರು ತಿರುಗಿಸಿಕೊಂಡು ನೋಡುವಷ್ಟರಲ್ಲಿ ಅವರು ಗುಂಪಿನೊಳಗೆ ಹೋಗಿದ್ದರು.

ಅವರ ಫೋನು ಆಮೇಲೆ ಹತ್ತಲಿಲ್ಲ. ಶಾಲೆಯಲ್ಲಿ ರಜೆಯೆಂದರು, ಮುಂದೆ ಬಿಟ್ಟಿದ್ದಾರೆ ಎಂದರು, ಅದಕ್ಕೂ ಮುಂದೆ ಅವರ ಜಾಗಕ್ಕೆ ಬೇರೆಯವರು ಬಂದಿದ್ದರು. ಮೈದುನನ ಹೆಸರೂ ನನಗೆ ತಿಳಿಯದು. ಒಮ್ಮೆ ಇಂದಾಪುರದಲ್ಲಿ ಇಳಿದು, ಫೋಟೊ ತೆಗೆದ ಜಾಗದಲ್ಲಿ ಒಂದಷ್ಟು ಹೊತ್ತು ನಿಂತಿದ್ದೆ. ಯಾರನ್ನು ಕೇಳಬೇಕು, ಏನೆಂದು ಕೇಳಬೇಕು?

ಅವರ ಯಜಮಾನರನ್ನು ನಾನು ಕಂಡವನೇ ಅಲ್ಲ. ಆದರೂ ಅವರ ವಿಷಯ ಬಂದರೆ ನನಗೆ ಒಂದು ಮುಖ ಹೊಳೆಯುತ್ತದೆ, ಅಳಿಸಿದ ಆ ಮುಖವೇ. ಈಗೀಗ ಅದು ಪೂರ್ತಿ ಈ ಕಡೆ ತಿರುಗಿರುತ್ತದೆ. ಅಕ್ಕೋರ ಮುಖ ಮಾತ್ರ ವಿಡಿಯೊ ಹಾಕಿ ನೋಡದೆ ಕಣ್ಣಿಗೆ ಕಟ್ಟುವುದಿಲ್ಲ. ಪುಣೆಯಲ್ಲಿ ನನ್ನನ್ನು ತಮ್ಮಾ ಎಂದು ಕರೆಯುವವರು ಬೇರೆ ಯಾರೂ ಇರಲಿಲ್ಲ, ಈಗಲೂ ಇಲ್ಲ. ಅಂದು ಅವರು ಯಾವ ಬಸ್ಸು ಹತ್ತಿದರು ಎಂಬುದು ನನಗೆ ಗೊತ್ತಿಲ್ಲ.