ಶಾಂತಕ್ಕನಿಗೆ ನಾನು ಕಲಿಸದ ಸೂತ್ರ

ಶಾಂತಕ್ಕ, ನೀವು ಮರೆತಿರಲಿಲ್ಲ. ನಾನು ಹೇಳಿಕೊಟ್ಟೇ ಇರಲಿಲ್ಲ.

ಇಷ್ಟು ವರ್ಷ ಈ ಎರಡು ಮಾತು ಬಾಯಿಗೆ ಬರಲಿಲ್ಲವಲ್ಲ — ನನ್ನ ಮೇಲೆ ನನಗೇ ರೇಗುತ್ತದೆ.

ಕುರ್ಲಾದ ನಮ್ಮ ಕಾರ್ಖಾನೆಯ ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ನೀವು ಅಲ್ಲಿನ ಹಿರಿಯ ಟೈಪಿಸ್ಟ್. ನಾನು ಮದುವೆಯಾಗಿ ಮೈಸೂರಿನಿಂದ ಬಂದು ಕೆಲಸಕ್ಕೆ ಸೇರಿದ ಹೊಸಬಳು. ಸಾಹೇಬರು ನನ್ನನ್ನು ವಿಲೆ ಪಾರ್ಲೆಯ ಒಂದು ಕ್ಲಾಸಿಗೆ ಕಳಿಸಿ ಸ್ಪ್ರೆಡ್‌ಶೀಟ್ ಕಲಿಸಿದರು. ಅದನ್ನು ನಿಮಗೆ ಕಲಿಸುವ ಕೆಲಸ ನನಗೆ ಒಪ್ಪಿಸಿದರು. ಟೈಪಿಂಗ್ ವಿಭಾಗ ಮುಚ್ಚುವುದರಲ್ಲಿತ್ತು. ಕಲಿತವರಿಗೆ ಕಂಪ್ಯೂಟರ್ ಕೋಣೆ, ಕಲಿಯದವರಿಗೆ ಭಾಂಡುಪ್‌ನ ಗೋದಾಮು.

ಅಬ್ಬಾ, ನಿಮಗೆ ಕಲಿಸುವುದೆಂದರೆ! ಟೈಪ್‌ರೈಟರಿಗೆ ಹೊಡೆದ ಹಾಗೆ ಕೀಲಿಗಳನ್ನು ಕುಟ್ಟುತ್ತಿದ್ದಿರಿ. ಕೆಳಗಿನ ಸಾಲಿಗೆ ಹೋಗಿ ಎಂದರೆ ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಿರಿ. ಆ ಚೌಕಗಳಿಗೆಲ್ಲ ನೀವಿಟ್ಟ ಹೆಸರು 'ಖೋಲಿ', ಅಂದರೆ ಕೋಣೆ. "ಈ ಖೋಲಿಯಲ್ಲಿ ಎಂತ ಹಾಕುದು ಮಾರಾಯ್ತಿ?" ಹೇಳಿದ್ದನ್ನೇ ಎಷ್ಟು ಸಲ ಹೇಳುವುದು — ನನಗೋ ಲೋಕಲ್ ರೈಲು ತಪ್ಪುವ ಚಿಂತೆ, ಪಕ್ಕದ ಮನೆಯಲ್ಲಿ ಬಿಟ್ಟು ಬಂದ ಮಗುವಿನ ಚಿಂತೆ.

ಕೊನೆಯ ಪಾಠ ಮೊತ್ತದ್ದು. ಮೇಲಿನ ಚೌಕಗಳನ್ನು ಕೂಡಿಸು ಎಂದು ಕೆಳಗೆ ಒಂದು ಸೂತ್ರ ಬರೆದರಾಯಿತು, ಯಾವ ಅಂಕಿ ಬದಲಾದರೂ ಯಂತ್ರವೇ ಮತ್ತೆ ಕೂಡಿಕೊಳ್ಳುತ್ತದೆ. ಆ ಯಂತ್ರ ತಂದದ್ದೇ ಅದಕ್ಕಾಗಿ. ಅಂದು ನೀವು ಕೇಳಿದಿರಿ, "ಇಲ್ಲಿ ಮೊತ್ತ ಹೇಗೆ ಬರುದು?"

ನನ್ನ ತಾಳ್ಮೆ ಕಿತ್ತುಹೋಗಿತ್ತು. "ಕ್ಯಾಲ್ಕ್ಯುಲೇಟರಿನಲ್ಲಿ ಕೂಡಿ, ಬಂದದ್ದನ್ನು ಟೈಪ್ ಮಾಡಿಬಿಡಿ ಅಕ್ಕ. ಎರಡೂ ಒಂದೇ."

ಎರಡೂ ಒಂದೇ! ಹಾಗೆಂದು ಬ್ಯಾಗು ಹೆಗಲಿಗೇರಿಸಿ ಸ್ಟೇಷನ್ನಿಗೆ ಓಡಿದೆ. ನಾಳೆ ಸರಿಪಡಿಸೋಣ ಎಂದುಕೊಂಡೆ — ಆ ನಾಳೆಗಳೆಲ್ಲ ಏನಾದವೋ.

ಕಲಿತದ್ದನ್ನು ಸಾಹೇಬರು ಪರೀಕ್ಷಿಸಿದ ದಿನ ನೀವು ಗೋದಾಮಿನ ದಾಸ್ತಾನನ್ನು ಒಂದೂ ತಪ್ಪಿಲ್ಲದೆ ತುಂಬಿದಿರಿ. ಸಾಹೇಬರು ಬಗ್ಗಿ ಒಂದು ಅಂಕಿ ಬದಲಿಸಿದರು. ಕೆಳಗಿನ ಮೊತ್ತ ಅಲುಗಲಿಲ್ಲ. "ಅರೇ ಬಾಯಿ, ಯೇ ತೋ ಟೈಪ್‌ರೈಟರ್ ಹೀ ಹುವಾ!" ಇದೂ ಟೈಪ್‌ರೈಟರೇ ಆಯಿತಲ್ಲ ಎಂದು ನಕ್ಕರು. ಸುತ್ತ ನಿಂತವರೂ ನಕ್ಕರು. ನಾನು ನಿಮ್ಮ ಕುರ್ಚಿಯ ಹಿಂದೆಯೇ ಇದ್ದೆ. ಬಾಯಿ ಬಿಡಲಿಲ್ಲ. ಸರಿಯಾಗಿ ಕಲಿಸಲಿಲ್ಲವೆಂದು ತಿಳಿದರೆ ನನ್ನ ಜಾಗಕ್ಕೇ ಕುತ್ತು ಬರುತ್ತಿತ್ತು.

ಆಮೇಲೆ ಮೆಟ್ಟಿಲ ಬಳಿ ನೀವು ನನ್ನ ಕೈ ಹಿಡಿದು ಕೇಳಿದಿರಿ, "ನೀನು ಹೇಳಿದ ಹಾಗೆಯೇ ಮಾಡಿದ್ದೆ ಅಲ್ವಾ?"

"ಸೂತ್ರ ಹೇಳಿಕೊಟ್ಟಿದ್ದೆನಲ್ಲ ಅಕ್ಕ," ಎಂದೆ. "ನಿಮಗೆ ಮರೆತಿರಬೇಕು."

ನೀವು ಜಗಳಕ್ಕೆ ಬಂದಿದ್ದರೆ — ಒಂದು ಮಾತು ಬೈದಿದ್ದರೂ — ಆದರೆ ನೀವು ನಂಬಿಬಿಟ್ಟಿರಿ. "ಇರ್ಲಿಕ್ಕೂ ಸಾಕು," ಎಂದು ತಲೆ ತಗ್ಗಿಸಿದಿರಿ. "ಈಗೀಗ ತಲೆಯಲ್ಲಿ ಎಂತದೂ ನಿಲ್ಲುದಿಲ್ಲ. ಪಾಪ, ನಿನಗೆ ಸುಮ್ಮನೆ ತೊಂದರೆ ಕೊಟ್ಟೆ."

ನೀವು ಭಾಂಡುಪ್‌ಗೆ ಹೋದಿರಿ. ಕೆಲವು ವರ್ಷಗಳ ನಂತರ ಅಲ್ಲಿಗೂ ಕಂಪ್ಯೂಟರ್ ಬಂತು, ನೀವು ಮುಟ್ಟಲೇ ಒಪ್ಪಲಿಲ್ಲವಂತೆ. ಮೊನ್ನೆ ಒಂದು ಮದುವೆಯಲ್ಲಿ ಸಿಕ್ಕಾಗ ಪಕ್ಕದವರಿಗೆ ನನ್ನನ್ನು ತೋರಿಸಿ ಹೇಳಿದಿರಿ, "ಇವಳು ಪಾಪ ಎಷ್ಟು ಕಷ್ಟಪಟ್ಟು ಕಲಿಸಿದ್ದಳು. ನನ್ನದೇ ಮಂಡೆ ಸರಿ ಇಲ್ಲ." ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಈಗ ಮೂರು ಮೂರು ಸಲ ಹೋಗಿ ನೋಡುತ್ತೀರಂತೆ. ಅದನ್ನೂ ನಗುತ್ತಲೇ ಹೇಳಿದಿರಿ. ನಾನೂ — ಥೂ — ನಕ್ಕೆ.

ಕಂಪ್ಯೂಟರ್ ಕೋಣೆಯ ಕೆಲಸ ತಪ್ಪಿಸಿದ್ದಷ್ಟೇ ಅಲ್ಲ, ನಿಮ್ಮ ನೆನಪಿನ ಮೇಲೆ ನಿಮಗಿದ್ದ ನಂಬಿಕೆಯನ್ನೇ ಕಿತ್ತುಕೊಂಡೆ. ಭಾನುವಾರ ನಿಮ್ಮ ಮನೆಗೆ ಬರುತ್ತಿದ್ದೇನೆ. ನಿಮ್ಮ ಮಗಳು, ಸೊಸೆ ಎಲ್ಲರೂ ಇರಲಿ. ಅವರೆಲ್ಲರ ಎದುರಿಗೇ ಹೇಳುತ್ತೇನೆ.